ಕಾರು ಶೆಡ್ಡಿನಲ್ಲಿ ಬದಲಾದ ಅಳತೆ

ಮೆಷಿನ್ನಿಗೂ ಮನಸ್ಸಿದೆ, ಅದು ಮುನಿಸಿಕೊಳ್ಳುತ್ತದೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ನಮ್ಮ ಹೆಗ್ಗನಹಳ್ಳಿ ಕಡೆ ಇಂಥ ಮಾತಿಗೆ ಬರವಿಲ್ಲ. ಪೀಣ್ಯದ ಅಂಚಿನಲ್ಲಿ ಬೀದಿಗೆ ನಾಲ್ಕು ಲೇತು, ಎರಡು ಪ್ರೆಸ್ಸು ಇರುವ ಜಾಗ ಇದು. ಒಬ್ಬರು ಅಮಾವಾಸ್ಯೆಯ ದಿನ ಹೊಸ ಕೆಲಸ ಹಚ್ಚುವುದಿಲ್ಲ, ಇನ್ನೊಬ್ಬರು ನಿಂಬೆಹಣ್ಣು ಕಟ್ಟದೆ ಸ್ವಿಚ್ ಒತ್ತುವುದಿಲ್ಲ. ನಾನು ಡಿಪ್ಲೊಮಾ ಓದಿದವಳು. ಕೆಟ್ಟಿದ್ದಕ್ಕೆ ಕಾರಣ ಇರುತ್ತದೆ, ಹುಡುಕಿದರೆ ಸಿಗುತ್ತದೆ, ಇಷ್ಟೇ ನನ್ನ ನಂಬಿಕೆ. ಈಗಲೂ ಹೆಚ್ಚುಕಡಿಮೆ ಅದೇ. ಆದರೆ ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ನಮ್ಮ ಮನೆಯಲ್ಲಿ ನಡೆದದ್ದನ್ನು ಆ ಲೆಕ್ಕದೊಳಗೆ ಕೂರಿಸಲು ನನ್ನಿಂದ ಆಗಿಲ್ಲ. ಬರೆದಾದರೂ ನೋಡೋಣ ಎಂದು ಕೂತಿದ್ದೇನೆ.

ನಮ್ಮ ಮನೆಗೆ ಕಾರು ಶೆಡ್ಡಿದೆ, ಕಾರಿಲ್ಲ. ನಮ್ಮ ಮಾವ, ಅಂದರೆ ನನ್ನ ಯಜಮಾನರ ತಂದೆ, ಸರ್ಕಾರಿ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಮೇಲೆ ಆ ಶೆಡ್ಡಿನಲ್ಲಿ ಒಂದು ಹಳೆಯ ಲೇತು ಹಾಕಿಕೊಂಡರು. ಪಕ್ಕದಲ್ಲಿ ಕಂಪ್ಯೂಟರಿನಿಂದ ನಡೆಯುವ ಚಿಕ್ಕ ಮಿಲ್ಲಿಂಗ್ ಮೆಷಿನ್ ತರಿಸಿದವಳು ನಾನು. ಕಂಪ್ಯೂಟರಿಗೆ ಅಳತೆ ಕೊಟ್ಟರೆ ಆಯಿತು, ಮೆಷಿನ್ ತಾನಾಗಿ ಉಕ್ಕು ಕೊರೆಯುತ್ತದೆ. ಆ ಕಂಪ್ಯೂಟರಿನ ಮೇಲೆ ಕಬ್ಬಿಣದ ಪುಡಿ ಕೂರಬಾರದೆಂದು ನನ್ನ ಹಳೆಯ ವಾಯಿಲ್ ಸೀರೆಯ ಅರ್ಧ ಹೊದಿಸಿರುತ್ತಿದ್ದೆ. ಕೀಬೋರ್ಡಿಗೆ ಪ್ಲಾಸ್ಟಿಕ್ ಹೊದಿಕೆ. ಇಂಟರ್‌ನೆಟ್ ಕೊಟ್ಟಿರಲಿಲ್ಲ.

ನನಗೂ ಮಾವನಿಗೂ ಜಗಳ ಎಂದರೆ ಒಂದೇ ವಿಷಯಕ್ಕೆ. ತೂತು ಕೊರೆಯುವ ಯಾವ ಕೆಲಸ ಬಂದರೂ ಅವರು ಪಾಯಿಂಟ್ ಸೊನ್ನೆ ನಾಲ್ಕು ಮಿಲಿಮೀಟರ್ ಕಡಿಮೆ ಕೊರೆಯುತ್ತಿದ್ದರು. ತಲೆಗೂದಲಿನ ಅರ್ಧಕ್ಕಿಂತ ಚೂರು ಹೆಚ್ಚು. ಆಮೇಲೆ ಮರದ ಕೋಲಿಗೆ ಉಜ್ಜುವ ಎಮರಿ ಕಾಗದ ಸುತ್ತಿ, ಎಣ್ಣೆ ಹಾಕಿ, ಕೈಯಲ್ಲೇ ಉಜ್ಜಿ ಉಜ್ಜಿ ಸರಿ ಅಳತೆಗೆ ತರುತ್ತಿದ್ದರು. ಅರ್ಧ ದಿನ ಅದಕ್ಕೇ ಹೋಗುತ್ತಿತ್ತು. ಕಂಪ್ಯೂಟರ್ ಇರುವಾಗ ಈ ಉಜ್ಜಾಟ ಯಾಕೆ ಎಂದು ನಾನು ಕೇಳಿದರೆ, "ತೂತು ಚಿಕ್ಕದಾದ್ರೆ ದೊಡ್ಡದು ಮಾಡ್ಬೋದು ಕಣಮ್ಮ. ದೊಡ್ಡದಾದ್ರೆ ಯಾರಪ್ಪನ ಕೈಲೂ ಚಿಕ್ಕದು ಮಾಡಕ್ಕಾಗಲ್ಲ. ನಾಲ್ಕು ಬಿಡು" ಎನ್ನುತ್ತಿದ್ದರು. ನಾನು ಬಿಡುತ್ತಿರಲಿಲ್ಲ. ನನ್ನ ಕೆಲಸ ಸರಿಯಾಗಿಯೇ ಬರುತ್ತಿತ್ತು.

ಆಮೇಲೆ ಅವರಿಗೆ ಪಾರ್ಶ್ವವಾಯು ಆಯಿತು. ಬಲಗಡೆ ಕೈಕಾಲು ಬಿದ್ದುಹೋದವು, ಮಾತು ಪೂರ್ತಿ ನಿಂತಿತು. ಶೆಡ್ಡಿನ ಮೇಲಿನ ಕೋಣೆಯಲ್ಲೇ ಅವರ ಮಂಚ. ಏನಾದರೂ ಬೇಕಾದರೆ ಬಾರಿಸಲೆಂದು ದೇವರ ಮನೆಯ ಕಂಚಿನ ಗಂಟೆಯನ್ನೇ ಎಡಗೈಗೆ ಸಿಗುವಂತೆ ಇಟ್ಟಿದ್ದೆ. ಮೆಟ್ಟಿಲು ಇಳಿಯುವ ಮಾತಿರಲಿ, ನಾವು ಎತ್ತಿ ಕೂರಿಸದೆ ಅವರು ಮಂಚದಲ್ಲಿ ಏಳುತ್ತಲೂ ಇರಲಿಲ್ಲ. ಇದನ್ನು ಓದುವವರು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು. ಯಾಕೆಂದರೆ ಈ ಕಥೆ ಕೇಳಿದವರೆಲ್ಲ ಮೊದಲು ಕೇಳುವುದು ಅದನ್ನೇ.

ಆ ವರ್ಷ ಕೆಲಸ ಕಡಿಮೆಯಾಗಿತ್ತು. ಎರಡು ಕೆಲಸ ನನ್ನ ಕೈಯಲ್ಲಿ ಕೆಟ್ಟಿದ್ದವು ಕೂಡ, ಸುಳ್ಳೇಕೆ ಹೇಳಲಿ. ಶೆಡ್ಡನ್ನು ಪಕ್ಕದ ಪಿ.ಜಿ.ಯವರಿಗೆ ಬೈಕು ನಿಲ್ಲಿಸಲು ಬಾಡಿಗೆಗೆ ಕೊಟ್ಟು, ಲೇತನ್ನು ಗುಜರಿಗೆ ಹಾಕೋಣ ಎಂದು ಯಜಮಾನರು ಹೇಳತೊಡಗಿದ್ದರು. ಅವರು ಕಂಪನಿಯೊಂದರಲ್ಲಿ ಸೂಪರ್‌ವೈಸರ್, ಶೆಡ್ಡಿನ ಮೇಲೆ ಅವರಿಗೆ ಅಂಥ ಪ್ರೀತಿಯಿಲ್ಲ. ಮಾವನ ತಲೆಯ ಕೆಳಗೇ ಅವರ ಲೇತನ್ನು ಎಳೆದುಕೊಂಡು ಹೋಗುವ ಸದ್ದನ್ನು ನೆನೆಸಿಕೊಂಡರೆ ನನಗೆ ಊಟ ಸೇರುತ್ತಿರಲಿಲ್ಲ. ಇರುವ ಒಬ್ಬ ಗಿರಾಕಿ ಗೋವಿಂದರಾಜು, ಪ್ಲಾಸ್ಟಿಕ್ ಮುಚ್ಚಳ ಮಾಡುವವರು. ಮಾವನ ಕಾಲದಿಂದ ಬರುತ್ತಿದ್ದವರು. ಆಯುಧಪೂಜೆ ಕಳೆದ ವಾರ ಒಂದು ಉಕ್ಕಿನ ತುಂಡು ತಂದು ಮೇಜಿನ ಮೇಲಿಟ್ಟು, "ಇದು ಒಂದೇ ಇರೋದು ಮೇಡಂ. ಬೆಂಕಿಗೆ ಕೊಟ್ಟು ಗಟ್ಟಿ ಮಾಡ್ಸಿದೀನಿ. ಕೆಟ್ರೆ ಇನ್ನೊಂದು ಬರೋಷ್ಟರಲ್ಲಿ ನನ್ ಮೆಷಿನ್ ತಿಂಗಳುಗಟ್ಲೆ ನಿಂತಿರತ್ತೆ. ಬೇಜಾರ್ ಮಾಡ್ಕೋಬೇಡಿ, ಇದು ಸರಿ ಹೋಗ್ಲಿಲ್ಲ ಅಂದ್ರೆ ದೊಡ್ಡ ಫ್ಯಾಕ್ಟ್ರಿಗೇ ಕೊಟ್ಬಿಡ್ತೀನಿ" ಎಂದರು. ತೂತು ಮೊದಲೇ ಇತ್ತು. ಅದನ್ನು ಸರಿಯಾಗಿ ಮೂವತ್ತೆರಡು ಮಿಲಿಮೀಟರಿಗೆ ತರುವುದಷ್ಟೇ ನನ್ನ ಕೆಲಸ. ಅಳತೆ ನೋಡಲು ಮೂವತ್ತೆರಡರ ಒಂದು ಪಿನ್ನನ್ನೂ ಕೊಟ್ಟಿದ್ದರು. ಅದೇ ಸಂಜೆ ಆರೂವರೆಗೆ ಬಂದು ಒಯ್ಯುವುದೆಂದು ಮಾತಾಯಿತು.

ಅವತ್ತು ಮಾಡಿದ್ದು ಹಾಗಲಕಾಯಿ ಗೊಜ್ಜು. ಮಾವನಿಗೆ ಊಟ ಮಾಡಿಸಿ, ಯಜಮಾನರನ್ನು ಸೆಕೆಂಡ್ ಶಿಫ್ಟಿಗೆ ಕಳಿಸಿ, ಎರಡು ಗಂಟೆಗೆ ಶೆಡ್ಡಿಗಿಳಿದೆ. ತೂತಿನ ವ್ಯಾಸ ಎಂದಿರುವ ಜಾಗದಲ್ಲಿ 32.000 ಎಂದು ಹೊಡೆದು, ಸೇವ್ ಮಾಡಿ, ಉಕ್ಕನ್ನು ಮೆಷಿನ್ನಿಗೆ ಬಿಗಿಯಲು ಎದ್ದು ಹೋದೆ. ಬಿಗಿದು ಬಂದು ನೋಡುತ್ತೇನೆ, 31.960 ಎಂದಿದೆ.

ನಾನೇ ತಪ್ಪಿ ಹೊಡೆದೆನೇನೋ ಎಂದುಕೊಂಡೆ. ಸರಿಯಾಗಿ ಪಾಯಿಂಟ್ ಸೊನ್ನೆ ನಾಲ್ಕು ಕಡಿಮೆ, ಮಾವ ವರ್ಷಗಟ್ಟಲೆ ಕಿವಿಗೆ ತುಂಬಿದ ಲೆಕ್ಕವಲ್ಲವೇ, ಕೈ ಅದನ್ನೇ ಒತ್ತಿರಬಹುದು. ಮತ್ತೆ 32 ಹೊಡೆದೆ. ಮೂರು ಗಂಟೆಗೆ ಮಾವನಿಗೆ ಕಾಫಿ ಕೊಡುವ ಹೊತ್ತು. ಕೊಟ್ಟು, ಬಾಯಿ ಒರೆಸಿ, ಕೆಳಗೆ ಬಂದೆ. 31.960.

ಈ ಸಲ ಸಿಟ್ಟು ಬಂತು. ಕೀಬೋರ್ಡಿನಲ್ಲಿ ಪುಡಿ ಸೇರಿದೆ ಎಂದು ತೆಗೆದು ಬಡಿದೆ. ಅಟ್ಟದಲ್ಲಿದ್ದ ಇನ್ನೊಂದನ್ನು ತಂದು ಹಾಕಿದೆ. ಕಂಪ್ಯೂಟರ್ ಆರಿಸಿ ಹಚ್ಚಿದೆ. ಹಳೆಯ ಯಾವುದೋ ಫೈಲು ತೆರೆದುಕೊಳ್ಳುತ್ತಿದೆಯೇನೋ ಎಂದು ಇದ್ದಬದ್ದ ಫೈಲನ್ನೆಲ್ಲ ತೆರೆದು ನೋಡಿದೆ. 31.960 ಎಂಬ ಅಳತೆ ಒಂದರಲ್ಲೂ ಇರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ನಾಲ್ಕು ಬಿಟ್ಟು ನಾನು ಎಂದೂ ಕೊರೆದವಳೇ ಅಲ್ಲ, ಮಾವ ಎಂದೂ ಕಂಪ್ಯೂಟರ್ ಮುಟ್ಟಿದವರಲ್ಲ.

ಕೊನೆಗೆ 32 ಹೊಡೆದು, ಕೀಬೋರ್ಡು, ಮೌಸು ಎರಡರ ವೈರನ್ನೂ ಕಿತ್ತು ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕೂತೆ. ಹದಿನೈದು ನಿಮಿಷ ಕಣ್ಣು ಕೀಳದೆ ನೋಡಿದೆ. ಅಂಕಿ ಅಲ್ಲಾಡಲಿಲ್ಲ. ಆಗ ಮೇಲೆ ಗಂಟೆಯ ಸದ್ದಾಯಿತು. ಮಗ್ಗುಲು ಬದಲಿಸಲು ಕರೆಯುತ್ತಿದ್ದರು. ಕೀಬೋರ್ಡು, ಮೌಸನ್ನು ಕೈಯಲ್ಲಿ ಹಿಡಿದುಕೊಂಡೇ ಮೇಲೆ ಹೋದೆ. ಶೆಡ್ಡಿನ ರೋಲಿಂಗ್ ಷಟರನ್ನೂ ಒಳಗಿನಿಂದ ಎಳೆದಿದ್ದೆ, ಮೇಲೆ ಹೋಗುವ ಮೆಟ್ಟಿಲು ಶೆಡ್ಡಿನೊಳಗಿಂದಲೇ. ಮಾವನನ್ನು ಎಡಕ್ಕೆ ಹೊರಳಿಸಿ, ಬೆನ್ನಿಗೆ ದಿಂಬು ಕೊಟ್ಟು ಇಳಿದು ಬಂದೆ. ಐದು ನಿಮಿಷವೂ ಆಗಿರಲಿಕ್ಕಿಲ್ಲ.

31.960.

ಕೈಯಲ್ಲಿ ವೈರು ನೇತಾಡುತ್ತಿತ್ತು. ಆ ಹೊತ್ತಿನಲ್ಲಿ ಭಯವಾಯಿತೇ ಎಂದು ನನ್ನ ತಂಗಿ ಕೇಳಿದ್ದುಂಟು. ನಿಜ ಹೇಳಬೇಕೆಂದರೆ ಅಳು ಬಂತು. ಗಡಿಯಾರ ನೋಡಿದರೆ ನಾಲ್ಕು ಹತ್ತು. ಸಂಜೆಯೊಳಗೆ ಒಂದು ತೂತು ಕೊರೆಯಬೇಕು, ಒಂದು ಅಂಕಿ ನಿಲ್ಲಿಸಲು ನನ್ನಿಂದಾಗುತ್ತಿಲ್ಲ.

ಸಲೀಂಗೆ ಫೋನ್ ಮಾಡಿದೆ. ಸುತ್ತಮುತ್ತಲಿನ ವರ್ಕ್‌ಶಾಪುಗಳ ಕಂಪ್ಯೂಟರ್ ನೋಡುವುದು ಅವನೇ. ಪುಣ್ಯಾತ್ಮ, ಇಪ್ಪತ್ತು ನಿಮಿಷದಲ್ಲಿ ಬಂದ. ಬಿಚ್ಚಿದ, ಊದಿದ, ಏನೇನೋ ಓಡಿಸಿ ನೋಡಿದ. ಅವನ ಎದುರಿಗೆ 32 ಕಲ್ಲಿನಂತೆ ಕೂತಿತ್ತು. ನಾನು ಬೇಕೆಂದೇ ಎದ್ದು ಬಾಗಿಲ ತನಕ ಹೋಗಿ ಬಂದೆ. ಆಗಲೂ 32.

"ಅಕ್ಕ, ವೈರಸ್ ಇಲ್ಲ, ಮೆಮೊರಿ ಚೆನ್ನಾಗಿದೆ. ಏನೂ ಆಗಿಲ್ಲ ಇದಕ್ಕೆ" ಎಂದ.

"ನಾನೇನು ಸುಳ್ಳು ಹೇಳ್ತಿದೀನಾ ಸಲೀಂ?"

"ಅಯ್ಯೋ ಹಂಗಲ್ಲ ಅಕ್ಕ. ರಾತ್ರಿ ಮಾವನ್ನ ನೋಡ್ಕೋತೀರಾ, ಹಗಲು ಇದು. ನಿದ್ದೆ ಸರಿಯಾಗ್ ಆಗ್ತಿದ್ಯಾ?"

ಅವನ ಮೇಲೆ ರೇಗುವಷ್ಟು ತ್ರಾಣವೂ ನನ್ನಲ್ಲಿ ಉಳಿದಿರಲಿಲ್ಲ. ಟೀ ಕೊಟ್ಟು ಕಳಿಸಿದೆ. ಅವನ ಸ್ಕೂಟರ್ ತಿರುವಿನಾಚೆ ಹೋಯಿತು. ಲೋಟ ತೊಳೆದಿಟ್ಟು ಬಂದೆ. ನೋಡುವ ಮೊದಲೇ ನನಗೆ ಗೊತ್ತಿತ್ತು. 31.960.

ಮಾನಿಟರಿನ ನೆತ್ತಿಗೆ ಒಂದು ಹೊಡೆದೆ. ಸೀರೆಯ ಧೂಳು ಮುಖಕ್ಕೇ ಹಾರಿತು. ಹಾಳಾಗಿ ಹೋಗಲಿ, ಕಡಿಮೆಯೇ ಕೊರೆದು ಮಾವನ ಹಾಗೆ ಕೈಯಲ್ಲಿ ಉಜ್ಜುತ್ತೇನೆ, ಗೋವಿಂದರಾಜು ಕಾಯಲಿ ಎಂದು ಸ್ಟಾರ್ಟ್ ಒತ್ತಿಬಿಟ್ಟೆ. ಒಪ್ಪಿ ಒತ್ತಿದ್ದಲ್ಲ, ಸೋತು ಒತ್ತಿದ್ದು.

ಮುಕ್ಕಾಲು ಗಂಟೆ ಕೊರೆಯಿತು. ಉಕ್ಕು ತಣ್ಣಗಾದ ಮೇಲೆ ಒರೆಸಿ, ಎಷ್ಟು ಉಜ್ಜಬೇಕಾದೀತು ಎಂಬ ಅಂದಾಜಿಗೆ ಪಿನ್ನನ್ನು ತೂತಿನ ಬಾಯಿಗಿಟ್ಟೆ. ಅದು ಒಳಗೆ ಹೋಗಲೇಬಾರದು. ಪಿನ್ನು ಮೂವತ್ತೆರಡು, ತೂತು ಅದಕ್ಕಿಂತ ಚಿಕ್ಕದು. ಆದರೆ ಪಿನ್ನು ತನ್ನ ಭಾರಕ್ಕೆ ತಾನೇ, ಎಣ್ಣೆಯಲ್ಲಿ ಇಳಿದ ಹಾಗೆ, ನಿಧಾನವಾಗಿ ಇಳಿದು ಹೋಯಿತು. ಅಳೆದು ನೋಡಿದೆ. ಮೂವತ್ತೆರಡು. ಮೂರು ಕಡೆ ಅಳೆದೆ. ಮೂವತ್ತೆರಡೇ.

ಖುಷಿಪಡುವ ಬದಲು ತಲೆ ಕೆಟ್ಟಿತು. ಕಡಿಮೆ ಹೇಳಿದರೆ ಸರಿಯಾಗಿ ಕೊರೆಯುವ ಮೆಷಿನ್ನು, ಸರಿಯಾಗಿ ಹೇಳಿದ್ದರೆ? ಕೊರೆಯುವ ಕಟರಿಗೆ, ಓಲಾಟ ಅಳೆಯುವ ಡಯಲ್ ಹಚ್ಚಿ ಕೈಯಲ್ಲಿ ತಿರುಗಿಸಿದೆ. ಮುಳ್ಳು ನಾಲ್ಕು ಗೆರೆ ಅತ್ತಿತ್ತ ಆಡಿತು. ಕಟರ್ ನೆಟ್ಟಗೆ ನಿಂತಿರಲಿಲ್ಲ, ಚೂರು ಓಲಾಡಿಕೊಂಡು ತಿರುಗುತ್ತಿತ್ತು. ಹಾಗೆ ತಿರುಗಿದರೆ ತೂತು ಹೇಳಿದ್ದಕ್ಕಿಂತ ಪಾಯಿಂಟ್ ಸೊನ್ನೆ ನಾಲ್ಕು ದೊಡ್ಡದಾಗುತ್ತದೆ. ಬಿಚ್ಚಿ ನೋಡಿದರೆ, ಕಟರ್ ಹಿಡಿದುಕೊಳ್ಳುವ ಗೂಡಿನೊಳಗೆ ಒಂದು ಕಡೆ ಕೆಂಪಗೆ, ಈರುಳ್ಳಿ ಸಿಪ್ಪೆಯಂಥ ಪದರ ಒಣಗಿ ಅಂಟಿತ್ತು. ಉಗುರಿನಿಂದ ಕೆರೆದು ಮೂಸಿದೆ. ಕುಂಕುಮ.

ಆಯುಧಪೂಜೆಯ ದಿನ ಕಟರ್ ಬಿಚ್ಚಿಟ್ಟು, ಮೆಷಿನ್ ತೊಳೆದು, ಕುಂಕುಮ ನೀರಲ್ಲಿ ಕಲಸಿ ಎಲ್ಲ ಕಡೆ ಬೊಟ್ಟಿಟ್ಟವಳು ನಾನೇ. ಮಾವ ನಡೆದಾಡುವ ಕಾಲದಲ್ಲಿ ಪೂಜೆ ಅವರೇ ಮಾಡುತ್ತಿದ್ದರು. ಬೊಟ್ಟು ಮೆಷಿನ್ನಿನ ಕಾಲಿಗೆ ಮಾತ್ರ ಇಡುತ್ತಿದ್ದರು. ಯಾಕೆಂದು ನಾನು ಕೇಳಿರಲಿಲ್ಲ. ಭಕ್ತಿ ಕಡಿಮೆ ಎಂದುಕೊಂಡಿದ್ದೆ.

ಅಂದರೆ ನಾನು ಹಟ ಹಿಡಿದು 32 ಕೊಟ್ಟು ಕೊರೆದಿದ್ದರೆ ಆ ಒಂದೇ ಒಂದು ತುಂಡು ಗುಜರಿಗೆ ಹೋಗುತ್ತಿತ್ತು. ಅದರ ಹಿಂದೆ ಲೇತು.

ಗೋವಿಂದರಾಜು ಏಳಕ್ಕೆ ಬಂದರು. ಪಿನ್ನು ಇಳಿಬಿಟ್ಟು ನೋಡಿದರು, ಮೇಲೆ ಕೆಳಗೆ ಮಾಡಿ ಮತ್ತೆ ಇಳಿಬಿಟ್ಟರು. ತುಂಡಿಟ್ಟ ಡಬ್ಬಕ್ಕೆಲ್ಲ ಎಣ್ಣೆ ಬಳಿದಿದ್ದೀರಲ್ಲ, ನನ್ನ ಷರ್ಟು ಹಾಳಾಯಿತು ಎಂದು ಗೊಣಗಿದರು. ಹೊರಡುವಾಗ, ಇಂಥವು ಇನ್ನೂ ಮೂರಿವೆ, ಸೋಮವಾರ ತರುತ್ತೇನೆ ಎಂದರು. ನನಗೆ ಅಷ್ಟು ಸಾಕಿತ್ತು.

ಸಾಕಾಗದೆ ಉಳಿದದ್ದು ಬೇರೆ. ಮಾರನೆಯ ದಿನ ಗೂಡು ತೊಳೆದು ಕಟರನ್ನು ನೆಟ್ಟಗೆ ಕೂರಿಸಿ, ಕಂಪ್ಯೂಟರಿನ ಬೆನ್ನು ಬಿದ್ದೆ. ಅದೇ ಫೈಲಿನಲ್ಲಿ 32 ಹೊಡೆದು ಎದ್ದು ಹೋಗುವುದು, ಬಂದು ನೋಡುವುದು. ಒಂದು ವಾರ ಮಾಡಿದೆ. ಒಮ್ಮೆಯೂ ಬದಲಾಗಲಿಲ್ಲ. ಕೆಟ್ಟಿದ್ದೇ ಆದರೆ ಮತ್ತೆ ಕೆಡಬೇಕಿತ್ತಲ್ಲ! ಸಲೀಂ ಒಂದು ಕಾರಣ ಹೇಳುತ್ತಾನೆ, ಯಜಮಾನರು ಇನ್ನೊಂದು. ವೈರು ಕಿತ್ತದ್ದನ್ನು ಹೇಳಿದರೆ ಇಬ್ಬರೂ ನನ್ನ ಮುಖ ನೋಡುತ್ತಾರೆ. ಆ ನೋಟ ನನಗೆ ಆಗುವುದಿಲ್ಲ.

ಮಾವನನ್ನೂ ಕೇಳಿದೆ. ಒಂದು ಬೆಳಿಗ್ಗೆ ರಾಗಿ ಅಂಬಲಿ ಕುಡಿಸುತ್ತ, ಮೊದಲಿಂದ ಕೊನೆಯವರೆಗೆ ಹೇಳಿದೆ. ಕುಂಕುಮದ ತಪ್ಪನ್ನೂ ಮುಚ್ಚಿಡಲಿಲ್ಲ. ಕಣ್ಣು ಅಲುಗಿಸದೆ ಕೇಳಿಸಿಕೊಂಡರು.

"ಏನ್ ಮಾವ ಇದು? ನಿಮಗೇನಾದ್ರೂ ಗೊತ್ತಾ?" ಎಂದೆ.

ಚಮಚವನ್ನು ಎಡಗೈಯಿಂದ ಪಕ್ಕಕ್ಕೆ ಸರಿಸಿದರು. ಆಮೇಲೆ ಸ್ವಾಧೀನವಿದ್ದ ಅರ್ಧ ಬಾಯಲ್ಲಿ ನಕ್ಕರು. ಮಾತು ನಿಂತ ಮೇಲೆ ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಂಬಲಿ ಗಲ್ಲದ ಮೇಲೆ ಇಳಿಯಿತು, ಒರೆಸಿದೆ. ನನ್ನ ಪ್ರಶ್ನೆಗೆ ನಕ್ಕರೋ, ನನ್ನ ಅವಸ್ಥೆಗೆ ನಕ್ಕರೋ ತಿಳಿಯಲಿಲ್ಲ. ಎರಡನೆಯ ಸಲ ಕೇಳಲು ನನಗೆ ಧೈರ್ಯ ಬರಲಿಲ್ಲ. ಮುಂದಿನ ಆಷಾಢದಲ್ಲಿ ಅವರು ಹೋದರು.

ಶೆಡ್ಡು ನಡೆಯುತ್ತಿದೆ. ಕಂಪ್ಯೂಟರ್ ಎರಡು ಸಲ ಬದಲಾಗಿದೆ. ಈಗ ನಾನು ಅಳತೆ ಹೊಡೆದ ಮೇಲೆ ಕೂಡಲೇ ಸ್ಟಾರ್ಟ್ ಒತ್ತುವುದಿಲ್ಲ. ಎದ್ದು ಮೇಲೆ ಹೋಗುತ್ತೇನೆ, ಖಾಲಿ ಮಂಚದ ಹೊದಿಕೆ ಸರಿಮಾಡುತ್ತೇನೆ, ಐದು ನಿಮಿಷ ಬಿಟ್ಟು ಇಳಿದು ಬರುತ್ತೇನೆ. ಅಂಕಿ ನಾನು ಬಿಟ್ಟಲ್ಲಿಯೇ ಇರುತ್ತದೆ. ಎಲ್ಲ ಸರಿಯಿದೆ ಎಂದು ಹಾಗಿದೆಯೋ, ತಿದ್ದುವವರು ಇಲ್ಲವೆಂದು ಹಾಗಿದೆಯೋ, ಕೈ ಸ್ಟಾರ್ಟಿನ ಮೇಲಿರುವಷ್ಟು ಹೊತ್ತೂ ನನಗೆ ಗೊತ್ತಾಗುವುದಿಲ್ಲ.