ಚಿತ್ರ ಬಂದ್ ಮಾಡಿಟ್ಟ ಅಕ್ಕ

ಬೈಂದೂರಿನ ಒಂದು ಇಂಟರ್‌ನೆಟ್ ಅಂಗಡಿಯಲ್ಲಿ ನನ್ನಕ್ಕ ಕೆಲಸಕ್ಕಿದ್ದಳು. ಅಲ್ಲಿದ್ದ ಕಂಪ್ಯೂಟರುಗಳೆಲ್ಲ ಮುಂಬೈಯ ಯಾವುದೋ ಆಫೀಸಿನಲ್ಲಿ ದುಡಿದು, ನಿವೃತ್ತಿಯಾಗಿ ಊರಿಗೆ ಬಂದವು. ಆನ್ ಮಾಡಿದರೆ ದಮ್ಮಿನ ಮುದುಕನ ಹಾಗೆ ಉಸಿರೆಳೆಯುತ್ತಿದ್ದವು. ಆ ಉಸಿರನ್ನೂ, ಫೋನ್ ಲೈನ್ ಹಿಡಿಯುವಾಗ ಮೋಡೆಮ್ ಕಿರುಚುವುದನ್ನೂ ನಾನು ಬಾಯಲ್ಲೇ ಮಾಡಿ ತೋರಿಸುತ್ತಿದ್ದೆ. ನನಗೆ ಬರುತ್ತಿದ್ದ ಕಂಪ್ಯೂಟರ್ ವಿದ್ಯೆ ಅಷ್ಟೇ.

ಅಕ್ಕನ ಕೈಗೆ ಸಿಕ್ಕರೆ ಅದೇ ಮುದುಕ ಓಡುತ್ತಿದ್ದ. ಒಂದು ಪುಟ ಮುಚ್ಚದೆ ಇನ್ನೊಂದು ತೆರೆಯಲು ಯಾರಿಗೂ ಬಿಡುತ್ತಿರಲಿಲ್ಲ. ಬೆಳಿಗ್ಗೆ ಅಂಗಡಿ ಗುಡಿಸಿದ ಮೇಲೆ ಕಂಪ್ಯೂಟರಿನೊಳಗಿನ ಹಳೆ ಪುಟಗಳ ಕಸವನ್ನೂ ಗುಡಿಸುವಳು. ಎಲ್ಲಕ್ಕಿಂತ ಹೆಚ್ಚಾಗಿ, ಬ್ರೌಸರಿನಲ್ಲಿ ಚಿತ್ರಗಳನ್ನೇ ಬಂದ್ ಮಾಡಿಟ್ಟಿದ್ದಳು. "ಓದುಕ್ ಬಂದವ್ರಿಗೆ ಜಾಹೀರಾತಿನ ಕುಣಿತ ಎಂತಕೆ?" ಅಕ್ಷರ ತಟ್ಟನೆ ಬರುತ್ತಿತ್ತು; ಚಿತ್ರ ಇರಬೇಕಾದಲ್ಲಿ ಖಾಲಿ ಚೌಕ, ಅದರೊಳಗೊಂದು ಕೆಂಪು ಕತ್ತರಿ ಗುರುತು.

ಅವಳಿಗೆ ಮುಂಬೈಯಲ್ಲಿದ್ದ ಒಬ್ಬರ ಸಂಬಂಧ ಬಂತು. ಜಾತಕ ಕೂಡಿತ್ತು. ಗಂಡಿಗೆ ರಜೆ ಇಲ್ಲ, ಫೋಟೋ ಇಮೇಲಿನಲ್ಲಿ ಬರುವುದೆಂದಾಯಿತು. ಸಂಜೆಯೊಳಗೆ ಅವರ ಮನೆಗೆ ಉತ್ತರ ಹೇಳಬೇಕು. ನಮ್ಮ ಮನೆಯಲ್ಲಿ ಎಲ್ಲರೂ ಹೂಂ ಅಂದಾಗಿತ್ತು, ಅಕ್ಕನೊಬ್ಬಳನ್ನು ಬಿಟ್ಟು.

"ಆಳ್ ಹ್ಯಾಂಗ್ ಅಂದ್ ಗೊತ್ತಾಗ್ದೆ ನಾ ಹೂಂ ಅಂಬುದಿಲ್ಲ."

ಅಮ್ಮ, ಅಜ್ಜಿ, ನಾನು ಶಿರೂರಿನಿಂದ ಬಸ್ಸು ಹತ್ತಿ ಅಂಗಡಿಗೇ ಹೋದೆವು. ಅಕ್ಕ ಇಮೇಲ್ ತೆರೆದಳು. ಗಂಡಿನ ಮುಖದ ಜಾಗದಲ್ಲಿ ಕೆಂಪು ಕತ್ತರಿ! ಅಜ್ಜಿ ಎದ್ದು ನಿಂತಳು.

"ಅಯ್ಯೋ ದೇವ್ರೆ! ಮಾಣಿ ಮುಖದ್ ಮೇಲೆ ಗೀಟ್ ಹೊಡ್ದಿರಲೆ! ಈ ಸಂಬಂಧ ಬ್ಯಾಡ, ಏಳಿ ಎಲ್ಲ!"

"ಕೂಕೊ ಅಜ್ಜಿ, ಅದ್ ನಾನೇ ಮಾಡಿಟ್ಟದ್" ಎನ್ನುತ್ತ ಅಕ್ಕ ಮೌಸಿನ ಬಲಗುಂಡಿ ಒತ್ತಿ, ಆ ಒಂದು ಚಿತ್ರವನ್ನು ಮಾತ್ರ ಕರೆದಳು.

ಚಿತ್ರ ಮೇಲಿನಿಂದ ಗೆರೆಗೆರೆಯಾಗಿ ಇಳಿಯತೊಡಗಿತು. ಆಕಾಶ. ಮತ್ತೂ ಆಕಾಶ. ಒಂದು ಕಟ್ಟಡದ ತುದಿ. ನಾವು ಚಾ ಕುಡಿದು ಬಂದರೂ ಅದೇ ಕಟ್ಟಡ.

"ಹ್ವಾಯ್, ಭಾವ ಎಷ್ಟನೇ ಮಾಳ್ಗಿ ಮೇಲ್ ಇಪ್ಪುದ್?" ಎಂದು, ಈ ಸಂಬಂಧ ತಂದ ದಲ್ಲಾಳಿಯ ಗೊಗ್ಗರು ದನಿಯಲ್ಲಿ ಕೇಳಿದೆ. ಅಮ್ಮ ತಲೆಗೆ ಮೊಟಕಿದಳು. ಕೂದಲು ಕಾಣಿಸುವಷ್ಟರಲ್ಲಿ ಲೈನ್ ಕಡಿಯಿತು.

"ತಲೆ ತುಂಬ ಕೂದ್ಲಿತ್ತಲೆ ಮಗಳೆ, ಸಾಕಲ್ದಾ?" ಅಂದಳು ಅಮ್ಮ.

ಅಕ್ಕ ಮತ್ತೆ ಲೈನ್ ಹಿಡಿದು ನೇರ ಗಂಡಿಗೇ ಬರೆದಳು: ನಮ್ಮ ಕಂಪ್ಯೂಟರ್ ಹಳೆಯದು, ನಿಮ್ಮ ಫೋಟೋ ಭಾರವಾಯಿತು, ಮುಖವಷ್ಟೇ ಇಟ್ಟು ಚಿಕ್ಕದು ಮಾಡಿ ಕಳಿಸಿ. ಅಮ್ಮ ಹಣೆ ಬಡಿದುಕೊಂಡಳು. "ಮದಿ ಮುಂಚೆನೇ ಗಂಡಿಗೆ ಹುಕುಂ ಮಾಡುದಾ?"

"ಮಾಡ್ರೆ ಗೊತ್ತಾತ್ತ್, ಆಳ್ ಹ್ಯಾಂಗ್ ಅಂದ್."

ಅಷ್ಟು ಧೈರ್ಯ ನನ್ನ ಅಣಕಿಸುವ ಬಾಯಿಗೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಉತ್ತರ ಬಂತು: "ನನಗೆ ಹೊಳೆಯಲೇ ಇಲ್ಲ. ಚಿಕ್ಕದು ಮಾಡಿದ್ದೇನೆ. ಇದೂ ತೆರೆಯದಿದ್ದರೆ ಹೇಳಿ, ಇನ್ನೂ ಚಿಕ್ಕದು ಮಾಡುತ್ತೇನೆ."

ಅಕ್ಕ ಅದನ್ನು ಎರಡು ಸಲ ಓದಿದಳು. "ಅಮ್ಮ, ಪಕ್ಕದ್ ಬೂತಿಗ್ ಹೋಯಿ ಫೋನ್ ಮಾಡಿ ಹೂಂ ಅನ್."

"ಮುಖ ಕಾಣ್ಲೇ ಇಲ್ಲ್ಯಲೆ!"

"ಅದನ್ನ ಮತ್ತ್ ಕಾಂಬ."

ಅಮ್ಮ ಹೊರಟ ಮೇಲೆ ಚಿತ್ರ ಕರೆದಳು. ಈ ಸಲ ಮುಖ ಬೇಗನೆ ಬಂತು. ಅಜ್ಜಿ ಕನ್ನಡಕ ಒರೆಸಿ, ಪರದೆಗೆ ಬಗ್ಗಿ ನೋಡಿದಳು.

"ಮೂಗ್ ಸ್ವಲ್ಪ ದೊಡ್ಡದಾಯ್ತ್."

"ಇರ್ಲಿ ಅಜ್ಜಿ," ಅಂದಳು ಅಕ್ಕ, "ಹೇಳ್ರೆ ಅದನ್ನೂ ಚಿಕ್ಕದ್ ಮಾಡ್ತ್ರ್."