ಹೋತದ ಪುಟ್ಟರಾಜು

ಹಂಗಳದಲ್ಲಿ ಯಾರ ಆಡು ಬೆದೆಗೆ ಬಂದರೂ ಹಗ್ಗ ಹಿಡಿದುಕೊಂಡು ಪುಟ್ಟರಾಜುವಿನ ಕೊಟ್ಟಿಗೆಗೇ ಬರಬೇಕು. ಅವನ ಹತ್ತಿರ ಗಡ್ಡ ಬಿಟ್ಟ ಕರಿ ಹೋತವೊಂದಿದೆ. ಹೋತ ತನ್ನ ಕೆಲಸವನ್ನು ಚಿಟಿಕೆ ಹೊಡೆಯುವುದರೊಳಗೆ ಮುಗಿಸುತ್ತದೆ. ಪುಟ್ಟರಾಜುವಿನ ಉಪನ್ಯಾಸ ಮಾತ್ರ ಟೀ ಆರಿ ತಣ್ಣಗಾದರೂ ಮುಗಿಯುವುದಿಲ್ಲ. ಕಪ್ಪೆ ಮಳೆಗಾಲದಲ್ಲಿ ವಟಗುಟ್ಟುವುದು ಹೆಣ್ಣನ್ನು ಕರೆಯಲು, ನವಿಲು ಕುಣಿಯುವುದೂ ಅದಕ್ಕೇ. ಸಲಗ ಕೂಡಿದ ಮೇಲೆ ತನ್ನ ದಾರಿ ಹಿಡಿಯುತ್ತದೆ, ಮರಿ ಸಾಕುವುದೆಲ್ಲ ಹೆಣ್ಣಾನೆಗಳ ಪಾಡು. ಜೇಡರ ಹುಳದ ಹೆಣ್ಣು ಕೆಲವೊಮ್ಮೆ ಗಂಡನ್ನೇ ತಿಂದುಹಾಕುತ್ತದೆ ಎನ್ನುವಾಗ ಅವನ ದನಿ ತುಸು ಇಳಿಯುತ್ತದೆ. ಪಾಪ, ಜಗತ್ತಿನ ಸಂತಾನದ ಹೊಣೆಯೆಲ್ಲ ಈ ಮಹಾನುಭಾವನ ತಲೆಯ ಮೇಲೆ!

ಅವನ ಮನೆಯಲ್ಲಿ ಮಾತ್ರ ತೊಟ್ಟಿಲು ಕಟ್ಟಿರಲಿಲ್ಲ. ಗುಂಡ್ಲುಪೇಟೆಯ ಡಾಕ್ಟರಮ್ಮ ಅವನ ಹೆಂಡತಿ ಗಂಗಾಂಬಿಕೆಯನ್ನು ಪರೀಕ್ಷಿಸಿ, ಇವಳಲ್ಲಿ ತೊಂದರೆಯಿಲ್ಲ, ಇನ್ನು ಗಂಡನನ್ನು ಕರೆತರಲಿ ಎಂದಿದ್ದರು.

"ನಂಗ್ಯಾಕಮ್ಮಿ ಟೆಸ್ಟು? ಗುಂಡ್ಕಲ್ಲಂಗಿವ್ನಿ!" ಎಂದು ಪುಟ್ಟರಾಜು ಮೀಸೆ ತಿರುವಿದ್ದ. ಅವನ ತಾಯಿ ಚಿಕ್ಕಬಸಮ್ಮನಂತೂ ಮಗನಿಗೆ ಎರಡನೇ ಹೆಣ್ಣು ನೋಡಲು ಆಗಲೇ ಸಂತೆಮರಹಳ್ಳಿಗೆ ಹೋಗಿಬಂದಿದ್ದಳು.

ಹೀಗಿರುವಾಗ ಒಂದು ದಿನ ಪಕ್ಕದ ಬೀದಿಯ ಚಿಕ್ಕಮಲ್ಲಮ್ಮ ಆಡು ಎಳೆದುಕೊಂಡು ಬಂದು ಬಾಯಿ ಮಾಡಿದಳು.

"ಏನ್ಲಾ ಪುಟ್ರಾಜ, ನನ್ನಾಡು ಗಬ್ಬ ನಿಲ್ದೆ ತಿರ್ಗ ಬೆದೆಗ್ ಬಂದದೆ. ಬೀದೀಲಿ ಎಲ್ರಾಡ್ಗೂ ಹಿಂಗೇ ಆಗದೆ ಕಣ!"

"ಅಂಗಾದ್ರೆ ಆಡ್ನ ಬೈಬೇಡ ಕಣವ್ವ, ಹೋತದ್ದೇ ದೋಷ," ಎಂದು ಪುಟ್ಟರಾಜು ಜಡ್ಜಿನ ಗತ್ತಿನಲ್ಲಿ ತೀರ್ಪು ಕೊಟ್ಟ. "ನಾಳೀಕೆ ಡಾಕ್ಟ್ರಿಗೆ ತೋರ್ಸ್ಬುಡ್ತೀನಿ."

ತಾನೇನು ಹೇಳಿದೆನೆಂದು ಪಂಡಿತನಿಗೆ ಹೊಳೆಯಲಿಲ್ಲ. ಬಾಗಿಲಲ್ಲಿ ನಿಂತಿದ್ದ ಗಂಗಾಂಬಿಕೆಗೆ ಹೊಳೆಯಿತು.

ಮರುದಿನ ಹೋತವನ್ನು ಗೂಡ್ಸ್ ಆಟೋಗೆ ಹತ್ತಿಸುವಷ್ಟರಲ್ಲಿ ಅವಳೂ ಸೀರೆ ಬದಲಿಸಿ ಬಂದು ಮುಂದಿನ ಸೀಟಿನಲ್ಲಿ ಕೂತಳು.

"ಮೊದ್ಲು ಹೋತಕ್ ತೋರ್ಸಿ, ಆಮ್ಯಾಕೆ ನೀವು ತೋರಿಸ್ಕಳಿ. ಇಲ್ಲಾಂದ್ರೆ ನಮ್ಮವ್ವನ ಮನೇಗೋಯ್ತೀನಿ, ತಿರ್ಗ ಬರಾಕಿಲ್ಲ."

ಬೀದಿಯ ಬಾಗಿಲುಗಳಲ್ಲೆಲ್ಲ ತಲೆಗಳು ಮೂಡಿದವು. ಪುಟ್ಟರಾಜು ಬೇರೆ ದಾರಿ ಕಾಣದೆ ಆಟೋ ಹತ್ತಿದ.

ಪಶು ಆಸ್ಪತ್ರೆಯಲ್ಲಿ ಹೋತ ಮರ್ಯಾದೆಯಿಂದ ತೋರಿಸಿಕೊಂಡಿತು. ಅದಕ್ಕೆ ಮೀಸೆಯ ಚಿಂತೆ ಇರಲಿಲ್ಲವಲ್ಲ. ಅಲ್ಲಿಂದ ಡಾಕ್ಟರಮ್ಮನ ಆಸ್ಪತ್ರೆ. ಬೆಂಚಿನ ತುಂಬ ಹೆಂಗಸರು. ನರ್ಸು ಪುಟ್ಟರಾಜುವಿನ ಹೆಸರನ್ನು ಗಟ್ಟಿಯಾಗಿ ಕೂಗಿ, ಒಂದು ಸಣ್ಣ ಡಬ್ಬಿ ಕೈಗಿಟ್ಟು, ಮೂಲೆಯ ಕೋಣೆ ತೋರಿಸಿದಳು. ಬೆಂಚಿನ ಮೇಲಿದ್ದವರೆಲ್ಲ ತಲೆಯೆತ್ತಿದರು. ಊರಿಗೆಲ್ಲ ಸಂತಾನಶಾಸ್ತ್ರ ಬೋಧಿಸಿದವನು ಡಬ್ಬಿಯನ್ನು ಟವಲಿನಡಿ ಮುಚ್ಚಿಕೊಂಡ.

"ಎಲ್ರೂ ನೋಡ್ತಾವ್ರೆ ಕಣಮ್ಮಿ," ಎಂದು ಪಿಸುಗುಟ್ಟಿದ.

"ನನ್ನ ಇಷ್ಟು ವರ್ಸ ಊರೇ ನೋಡ್ತು," ಎಂದಳು ಗಂಗಾಂಬಿಕೆ. "ಓಗಿ."