ಕಂಬದಿಂದ ಇಳಿಯದ ಲೈನ್‌ಮನ್

ಯಾರಾದರೂ ‘ಒಂದು ಒಳ್ಳೆ ಸೀರಿಯಲ್ ಹೇಳಿ’ ಅಂದರೆ ನಾನು ಹೇಳುವುದು ಒಂದನ್ನೇ. ಹೇಳಿ ಆಮೇಲೆ ಬೈಸಿಕೊಳ್ಳುತ್ತೇನೆ, ಯಾಕೆಂದರೆ ಅದನ್ನು ಹನ್ನೊಂದನೇ ಕಂತಿಗೇ ನಿಲ್ಲಿಸಿಬಿಟ್ಟರು. ನೋಡುವವರಿರಲಿಲ್ಲವಂತೆ. ನಾನು, ನಮ್ಮಮ್ಮ ಇಬ್ಬರಿದ್ದೆವಲ್ಲ, ನಮ್ಮನ್ನು ಯಾರು ಕೇಳಿದರು?

ಹಿಂದಿ ಸೀರಿಯಲ್ಲು. ಕರೆಂಟ್ ರಿಪೇರಿಗೆಂದು ಕಂಬ ಹತ್ತಿದ ಲೈನ್‌ಮನ್ ಒಬ್ಬನಿಗೆ ಇಳಿಯಲು ಆಗುವುದೇ ಇಲ್ಲ. ಇಳಿದಷ್ಟೂ ಕಂಬ ಉದ್ದವಾಗುತ್ತದೆ. ಸರಿ, ತಂತಿಯ ಮೇಲೆಯೇ ಅವನ ಬದುಕು. ತಂತಿಯಿಂದ ತಂತಿಗೆ ನಡೆದು ಮಹಡಿ ಮನೆಯವರ ಜಗಳ ಬಿಡಿಸುತ್ತಾನೆ, ಮಕ್ಕಳ ಗಾಳಿಪಟ ಬಿಡಿಸಿ ಕೊಡುತ್ತಾನೆ. ಸಂಜೆ ಹೆಂಡತಿ ಬುಟ್ಟಿಯಲ್ಲಿ ರೊಟ್ಟಿ ಇಟ್ಟು ಹಗ್ಗ ಅಲ್ಲಾಡಿಸುತ್ತಾಳೆ. ಹನ್ನೊಂದನೇ ಕಂತಿನ ಕೊನೆಗೆ ಅವನ ಕಾಲು ನೆಲದಿಂದ ಒಂದು ಗೇಣು ಮೇಲಿತ್ತು. ಅಷ್ಟೇ.

ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನು ತುಮಕೂರಿನಿಂದ ದೆಹಲಿಗೆ, ಓಲ್ಡ್ ರಾಜಿಂದರ್ ನಗರದ ನನ್ನ ಬಾಡಿಗೆ ಮನೆಗೆ ಕರೆತಂದಿದ್ದೆ. ಅವಳಿಗೆ ಬರುತ್ತಿದ್ದ ಹಿಂದಿ ನಾಲ್ಕೇ ಪದ: ಮೇಲಕ್ಕೆ ಊಪರ್, ಕೆಳಕ್ಕೆ ನೀಚೆ, ಊಟಕ್ಕೆ ಖಾನಾ, ಮನೆಗೆ ಘರ್. ಅವನ್ನೂ ಈ ಸೀರಿಯಲ್ಲಿನಿಂದಲೇ ಕಲಿತಿದ್ದಳು. ಉಳಿದದ್ದನ್ನು ಪಕ್ಕದಲ್ಲಿ ಕೂತು ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಅದು ನಿಂತುಹೋಯಿತೆನ್ನಲು ಮನಸ್ಸು ಬರಲಿಲ್ಲ. ಅದು ಈಗ ಫೋನಿನಲ್ಲಿ ಮಾತ್ರ ಬರುತ್ತದೆ, ಆಫೀಸಿನಿಂದ ಬರುವಾಗ ಮೆಟ್ರೋದಲ್ಲಿ ನೋಡಿದೆನೆಂದು ಸುಳ್ಳು ಹೇಳಿ, ದಿನಕ್ಕಿಷ್ಟು ಕತೆ ಕಟ್ಟಿ ಹೇಳತೊಡಗಿದೆ.

ಅಮ್ಮ ಸೊಪ್ಪು ಬಿಡಿಸುತ್ತಾ ಕೇಳುತ್ತಿದ್ದಳು. “ಪಾಪ ಕಣೇ, ಆ ಹೆಂಗಸು ಎಷ್ಟು ದಿನ ಅಂತ ಕತ್ತೆತ್ಕೊಂಡು ನಿಂತಿರ್ತಾಳೆ? ಬೇಗ ಇಳಿಸ್ಬಾರ್ದಾ ಅವನ್ನ?”

ಡಿಸೆಂಬರಿನ ಒಂದು ಸಂಜೆ, ಸಾಹೇಬರ ಹತ್ತಿರ ಮಂಗಳಾರತಿ ಮಾಡಿಸಿಕೊಂಡು, ಮೆಟ್ರೋದಲ್ಲಿ ತಳ್ಳಿಸಿಕೊಂಡು ಮನೆಗೆ ಬಂದಿದ್ದೆ. ಚಪ್ಪಲಿ ಬಿಡುವ ಮೊದಲೇ ಅಮ್ಮ ಕೇಳಿದಳು: “ಇವತ್ತಾದ್ರೂ ಇಳಿದ್ನಾ?”

“ಅದು ನಿಂತು ಎರಡು ತಿಂಗಳಾಯ್ತಮ್ಮ. ನಾನೇ ಏನೇನೋ ಬುರುಡೆ ಬಿಡ್ತಿದ್ದೆ. ಸಾಕು ಬಿಡು ಇನ್ನು.”

“ಹಾಗಾದ್ರೆ ಅವನು ಅಲ್ಲೇ ಇದಾನೆ,” ಎಂದು ಅಮ್ಮ ಸಾರು ಬಿಸಿ ಮಾಡಲು ಎದ್ದಳು.

ಮತ್ತೆಂದೂ ಕೇಳಲಿಲ್ಲ. ತಪ್ಪಾಯ್ತು ಅನ್ನಬೇಕೆಂದು ದಿನಾ ಅಂದುಕೊಳ್ಳುತ್ತಿದ್ದೆ. ನನ್ನ ಬಾಯಿಗೆ ಬೈಗುಳ ಬಂದಷ್ಟು ಸಲೀಸಾಗಿ ಆ ಮಾತು ಬರುವುದಿಲ್ಲ. ಜನವರಿಯಲ್ಲಿ ಅಮ್ಮನಿಗೆ ನ್ಯುಮೋನಿಯಾ ಆಯಿತು. ಐದನೇ ದಿನ ಹೋಗಿಬಿಟ್ಟಳು.

ಫೆಬ್ರವರಿಯ ಒಂದು ಭಾನುವಾರ ಅವಳ ಶಾಲು ಹೊದ್ದು, ಅವಳು ಮಧ್ಯಾಹ್ನ ಬಿಸಿಲು ಕಾಯಿಸುತ್ತಿದ್ದ ಪಾರ್ಕಿಗೆ ಹೋದೆ. ಪಂಜಾಬಿ ಹೆಂಗಸರು ಮೂರ್ನಾಲ್ಕು ಜನ ಬಟಾಣಿ ಸುಲಿಯುತ್ತಿದ್ದರು. ಶಾಲಿನ ಗುರುತು ಹಿಡಿದ ಹಿರಿಯಾಕೆ ನನ್ನ ಕೈ ಹಿಡಿದು ಕೂರಿಸಿಕೊಂಡು ಅಮ್ಮನ ಬಗ್ಗೆ ಎರಡು ಮಾತಾಡಿದರು. ಆಮೇಲೆ ಸಂಕೋಚದಿಂದಲೇ ಹಿಂದಿಯಲ್ಲಿ ಕೇಳಿದರು: “ಬೇಟೀ, ಆ ಖಂಬೇವಾಲಾನ ಕತೆ ನಿನಗೆ ಗೊತ್ತಾ?”

ಅಮ್ಮ ಕೈಯಲ್ಲೇ ಕಂಬ, ತಂತಿ, ಬುಟ್ಟಿ ಎಲ್ಲ ಮಾಡಿ ತೋರಿಸಿ, ಆ ನಾಲ್ಕು ಪದಗಳಲ್ಲಿ ದಿನವೂ ಹೇಳುತ್ತಿದ್ದಳಂತೆ. ಕಾಯಿಲೆ ಬೀಳುವ ಹಿಂದಿನ ದಿನದವರೆಗೂ ಹೇಳಿದ್ದಳಂತೆ. ಸಾಕು ಬಿಡು ಎಂದು ನಾನು ಅವಳ ಬಾಯಿ ಮುಚ್ಚಿಸಿ ಆಗಲೇ ತಿಂಗಳಾಗಿತ್ತು.

“ಎಲ್ಲಿವರೆಗೆ ಹೇಳಿದ್ಲು?” ಎಂದೆ.

“ಅವನು ಇಳಿಯಲೇ ಇಲ್ಲ. ಕಾದು ಕಾದು ಹೆಂಡತಿಗೆ ಸಾಕಾಯಿತು. ಪಾತ್ರೆಪಗಡ ಗಂಟು ಕಟ್ಟಿಕೊಂಡು ತಾನೇ ಕಂಬ ಹತ್ತಿದಳು.”

ಇದನ್ನು ನಾನು ಹೇಳಿರಲಿಲ್ಲ.

“ಅರ್ಧ ಹತ್ತಿದ್ದಳು,” ಎಂದು ಆಕೆ ಎರಡೂ ಕೈಯನ್ನು ಥೇಟ್ ಅಮ್ಮನ ಹಾಗೆ ಒಂದರ ಮೇಲೊಂದು ಇಟ್ಟು ತೋರಿಸಿದರು. “ಮಾರನೇ ದಿನ ನಿಮ್ಮಮ್ಮ ಬರಲಿಲ್ಲ. ಅವಳು ಗಂಡನ ಹತ್ತಿರ ತಲುಪಿದಳಾ?”

ದೆಹಲಿಗೆ ಬಂದು ಹದಿನೆಂಟು ವರ್ಷ. ನನಗೆ ಚೆನ್ನಾಗಿಯೇ ಹಿಂದಿ ಬರುತ್ತದೆ. ಆ ಹೊತ್ತಿಗೆ ಬಾಯಿಗೆ ಬಂದದ್ದು ಅಮ್ಮನ ಎರಡು ಪದ ಮಾತ್ರ.

“ಊಪರ್,” ಎಂದೆ. “ಘರ್.”